ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಗಲ್ ಅನ್ನುವ ಕಡಲಹಕ್ಕಿಗಳಿಗೆ ಮಿಕ್ಸ್ಚರ್ ಎಸೆದು ಫೋಟೋ ತೆಗೆಯುದು ಸರಿಯಾ?

ಬೋಳೂರಿನವ: ಚಳಿಗಾಲದ ಬೆಳಿಗ್ಗೆ ಸುಲ್ತಾನ್ ಬತ್ತೇರಿ ಹೊಳೆಬದಿ ಎಷ್ಟು ಚಂದ ಅಂತ ಗೊತ್ತುಂಟಲ್ಲ, ಟಿಪ್ಪು ಕಾಲದ ಬುರುಜಿನ ಕೆಳಗೆ ಫಲ್ಗುಣಿಯಲ್ಲಿ ಗಲ್‌ಗಳು, ಮೇಲೆ ಗರುಡ, ಒಂದೊಂದ್ಸಲ ಮೀನು ಹಿಡಿಯುವ ಆಸ್ಪ್ರೇ ಗಿಡುಗ ಕೂಡ. ಈ ಭಾನುವಾರ ಒಂದು ಫೋಟೋಗ್ರಾಫರ್ ಗುಂಪು ಮಿಕ್ಸ್ಚರ್ ಪ್ಯಾಕೆಟ್ ಒಡೆದು ನೀರಿಗೆ ಎಸೆದು ಗಲ್‌ಗಳನ್ನು ಹತ್ತಿರ ಕರೆಸ್ತಾ ಇತ್ತು. ಆಮೇಲೆ ಫೆರಿಯಲ್ಲಿ ಆಚೆ ತಣ್ಣೀರುಬಾವಿಗೆ ಹೋಗಿ, ನೀರು ಏರಿದ ಹೊತ್ತಲ್ಲಿ ಮರಳಿನ ಮೇಲೆ ಒತ್ತೊತ್ತಾಗಿ ಕೂತಿದ್ದ ಪ್ಲೋವರ್ ಅನ್ನುವ ಸಣ್ಣ ವಲಸೆ ಹಕ್ಕಿಗಳ ಕಡೆ ಒಬ್ಬನನ್ನು ಓಡಿಸಿ ಫ್ಲೈಟ್ ಶಾಟ್ ತೆಗೆದ್ರು. ಇದು ನಿಲ್ಬೇಕು. ಅವರ ಫೋಟೋ ಕೆಳಗೆ ಹಾಕಿದ್ದೇನೆ, 'ಸೈಬೀರಿಯಾದ ಅತಿಥಿ, ಬ್ಲ್ಯಾಕ್ ಹೆಡೆಡ್ ಗಲ್' ಅಂತ ಬರೆದಿದ್ದಾರೆ.

ಲಾಂಗ್ ಲೆನ್ಸ್: ಫೋಟೋ ನನ್ನದು, ಕೇಳದೆ ಹಾಕಿದ್ದು ತಪ್ಪು. ಮಿಕ್ಸ್ಚರಿಗೆ ಇಷ್ಟು ಬೊಬ್ಬೆ ಎಂತಕ್ಕೆ? ಇದೇ ಗಲ್‌ಗಳು ಧಕ್ಕೆಯಲ್ಲಿ ದಿನಾ ಬೋಟಿನ ಹಿಂದೆ ಹೋಗಿ ಮೀನಿನ ವೇಸ್ಟ್ ತಿಂತಾವೆ.

ಬೋಳೂರಿನವ: ಮೀನು ಅದರ ಆಹಾರ ಮಾರ್ರೆ. ಉಪ್ಪು, ಖಾರ, ಎಣ್ಣೆಯಲ್ಲಿ ಕರಿದ ಕಡ್ಲೆಹಿಟ್ಟು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿ, ಬೇಟೆ ಅಂದ್ರೆ ಎಂತ ಅಂತ ಹೇಳುವಲ್ಲಿ ಕಾಡುಪ್ರಾಣಿಗೆ ಆಮಿಷ ಒಡ್ಡುದು, ಅಟ್ಟುದು ಎರಡೂ ಸೇರಿದೆ.

ಉರ್ವ ಶಟರ್: ಬೇಟೆಯಾ?? ಕ್ಯಾಮರಾ ಹಿಡಿದವರನ್ನೆಲ್ಲ ಬೇಟೆಗಾರರು ಅಂತೀರಾ? ಅದು ಹಿಡಿಯುವವರಿಗೆ, ಕೊಲ್ಲುವವರಿಗೆ ಮಾಡಿದ ಕಾಯ್ದೆ. ಮತ್ತೆ ಒಂದು ಹಾರಾಟಕ್ಕೆ ಹಕ್ಕಿ ಸಾಯುದಿಲ್ಲ. 2022ರಲ್ಲಿ ಗಾಡ್ವಿಟ್ ಅನ್ನುವ ಒಂದು ವಲಸೆ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲಿಯೂ ಇಳಿಯದೆ 13,560 ಕಿಲೋಮೀಟರ್ ಹಾರಿದೆ, ಟ್ರ್ಯಾಕರ್ ಹಾಕಿ ನೋಡಿದ್ದು. ಇಲ್ಲಿ ನೂರು ಮೀಟರ್ ಹಾರಿದ್ರೆ ಎಂತ ಆಗ್ತದೆ?

ಕೆಮ್ಮಣ್ಣಿನವಳು: ಆ ಗಾಡ್ವಿಟ್ ಹಾರಿದ್ದು ಮೊದಲೇ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲಿ. ನಮ್ಮ ಪ್ಲೋವರ್‌ಗಳು ಮಾರ್ಚ್ ಏಪ್ರಿಲಿಗೆ ವಾಪಸ್ ಹೋಗುವ ಮೊದಲು ಆ ಕೊಬ್ಬು ಕೂಡಿಸುದು ಇಲ್ಲಿಯ ಕೆಸರಲ್ಲಿ. ನೀರು ಇಳಿದಾಗ ಮಾತ್ರ ಹುಳ ಸಿಗ್ತದೆ, ಏರಿದಾಗ ಕೂತು ಸುಧಾರಿಸ್ಕೊಳ್ತಾವೆ, ಆ ಹೊತ್ತಿಗೇ ನೀವು ಓಡಿಸುದು. ಇಲ್ಲಿ ಉಡುಪಿ ಕಡೆ ಕೋಡಿ ಬೆಂಗ್ರೆಯಲ್ಲಿ ಸುವರ್ಣಾ-ಸೀತಾ ಹೊಳೆ ಸೇರುವಲ್ಲಿಯೂ ಇದೇ ಕಥೆ, ಒಬ್ಬ ಹೋದ ಅಂತ ಇನ್ನೊಬ್ಬ, ಅವನ ಹಿಂದೆ ಡ್ರೋನ್. ಮತ್ತೆ ಆ ಫೋಟೋದಲ್ಲಿರುದು ಬ್ಲ್ಯಾಕ್ ಹೆಡೆಡ್ ಅಲ್ಲವೇ ಅಲ್ಲ, ಬ್ರೌನ್ ಹೆಡೆಡ್.

ಲಾಂಗ್ ಲೆನ್ಸ್: ಅಲ್ಲವೇ ಅಲ್ಲ ಅಂತ ಅಷ್ಟು ಖಡಾಖಂಡಿತ ಹೇಳ್ಬೇಡಿ. ಕಣ್ಣು ಝೂಮ್ ಮಾಡಿ ನೋಡಿ, ಕಪ್ಪು. ಬ್ರೌನ್ ಹೆಡೆಡ್‌ಗೆ ಕಣ್ಣು ಬಿಳಿಚಿಕೊಂಡಿರ್ತದೆ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಕೂಡ ಬ್ಲ್ಯಾಕ್ ಹೆಡೆಡ್ ಅಂತಲೇ ಹೇಳಿದೆ.

ಕೆಮ್ಮಣ್ಣಿನವಳು: ಬಿಳಿಚಿದ ಕಣ್ಣು ದೊಡ್ಡದಾದ ಹಕ್ಕಿಗೆ. ನಿಮ್ಮದು ಮರಿ, ಮೊದಲ ಚಳಿಗಾಲದ್ದು, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಕಾಣುದಿಲ್ಲವಾ? ಮರಿಗೆ ಕಣ್ಣು ಗಾಢವೇ. ರೆಕ್ಕೆ ನೋಡಿ, ಬ್ಲ್ಯಾಕ್ ಹೆಡೆಡ್ ಆಗಿದ್ರೆ ರೆಕ್ಕೆಯ ಮುಂದಿನ ಅಂಚು ತುದಿಯವರೆಗೆ ಉದ್ದಕ್ಕೆ ಬಿಳಿ ಇರ್ಬೇಕು. ಇದರಲ್ಲಿ ಹೊರಗಿನ ಗರಿಗಳು ಪೂರ್ತಿ ಕಪ್ಪು. ಕೊಕ್ಕೂ ದಪ್ಪ.

ಉರ್ವ ಶಟರ್: ದೊಡ್ಡ ಬ್ರೌನ್ ಹೆಡೆಡ್‌ಗೆ ಆ ಕಪ್ಪು ತುದಿಯಲ್ಲಿ ಬಿಳಿ ಕನ್ನಡಿ ಥರ ಮಚ್ಚೆ ಇರ್ತದೆ. ಇದಕ್ಕೆಲ್ಲಿ?

ಕೆಮ್ಮಣ್ಣಿನವಳು: ಮರಿ ಅಂತ ಈಗಷ್ಟೇ ಹೇಳಿದ್ದಲ್ವಾ! ಮರಿಗೆ ಆ ಮಚ್ಚೆ ಇರುದಿಲ್ಲ.

ಲಾಂಗ್ ಲೆನ್ಸ್: ಕಣ್ಣು ಕೇಳಿದ್ರೂ ಮರಿ, ಮಚ್ಚೆ ಕೇಳಿದ್ರೂ ಮರಿ. ಇದು ಉತ್ತರವಾ? ಕೊಕ್ಕು ದಪ್ಪ ಅಂತ ಒಂದು ಫೋಟೋದಲ್ಲಿ ಹೇಗೆ ಅಳೆದ್ರಿ?

ಬೋಳೂರಿನವ: ದಯವಿಟ್ಟು ಪ್ಲೋವರ್ ವಿಷಯಕ್ಕೆ ಬನ್ನಿ. ಕೆಸರಿನ ಬದಿಯಲ್ಲಿ ತಗ್ಗಿ ಕೂತು, ನೀರು ಇಳಿಯುವವರೆಗೆ ಕಾದ್ರೆ ಮೇಯ್ತಾ ಮೇಯ್ತಾ ಹಕ್ಕಿಗಳೇ ಹತ್ತಿರ ಬರ್ತಾವೆ.

ಉರ್ವ ಶಟರ್: ಕಾದ್ರೆ ಅಂತೀರಿ, ವಾರಕ್ಕೊಂದು ರಜೆ ಇರುವವನು ಎಷ್ಟು ಕಾಯ್ಬೇಕು? ನಾವು ಫೋಟೋ ಹಾಕ್ಲಿಕ್ಕೆ ಶುರು ಮಾಡಿದ ಮೇಲೆಯೇ ಈ ಊರಿನ ಎಷ್ಟೋ ಜನ ಹಕ್ಕಿ ಕಡೆ ತಲೆ ಎತ್ತಿ ನೋಡಿದ್ದು, ಅದನ್ನು ಯಾರೂ ಹೇಳುದಿಲ್ಲ.

ಬೆಂಗ್ರೆ ಬೋಟು: ನಾನು ಹಕ್ಕಿ ಹೆಸರು ಕಲಿತವನಲ್ಲ, ಬಲೆ ಹಾಕುವವನು. ಆ ಮಿಕ್ಸ್ಚರ್ ಪ್ಯಾಕೆಟ್ ಎಲ್ಲ ಹೊಳೆಬದಿಯ ಕಾಂಡ್ಲಾ ಗಿಡದ ಬೇರಿಗೆ ಸಿಕ್ಕಿಕೊಂಡು ಕೂರ್ತದೆ, ಉಳಿದದ್ದು ನಮ್ಮ ಬಲೆಗೆ ಬರ್ತದೆ. ಹೆಕ್ಕುವವರು ನಾವು.

ಲಾಂಗ್ ಲೆನ್ಸ್: ಪ್ಯಾಕೆಟ್ ನಾವು ಬ್ಯಾಗಲ್ಲಿ ವಾಪಸ್ ತಂದಿದ್ದೇವೆ, ಸುಮ್ಮನೆ ನಮ್ಮ ತಲೆಗೆ ಕಟ್ಟಬೇಡಿ. ಮತ್ತೆ ಬ್ಲ್ಯಾಕ್ ಹೆಡೆಡ್ ನಮ್ಮ ಕರಾವಳಿಗೆ ಬರ್ತದೆ ಅಂತ ಎಲ್ಲ ಫೀಲ್ಡ್ ಗೈಡಲ್ಲೂ ಇದೆ.

ಕೆಮ್ಮಣ್ಣಿನವಳು: ಬರುದಿಲ್ಲ ಅಂತ ಯಾರು ಹೇಳಿದ್ದು? ಎರಡೂ ಬರ್ತಾವೆ. ಈ ಹಕ್ಕಿ ಅದಲ್ಲ. ಬ್ರೌನ್ ಹೆಡೆಡ್ ಮರಿ ಮಾಡುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಅಷ್ಟು ದೂರದಿಂದ ಇಳಿದು ಬಂದ ಮರಿಗೆ ನೀವು ಖಾರದ ಮಿಕ್ಸ್ಚರ್ ತಿನ್ನಿಸಿ, ಹೆಸರೂ ಬೇರೆ ಕೊಟ್ಟು ಪೋಸ್ಟ್ ಮಾಡಿದ್ದು. ಇದು ನೋಡಿ ನನಗೆ ನಿಜವಾಗಿ ಸಿಟ್ಟು ಬಂದಿದೆ. ಹಕ್ಕಿ ದಾಖಲೆ ಹಾಕುವ ಇ-ಬರ್ಡ್ ಸೈಟಿಗೆ ಹಾಕಿದ್ರೆ ಅದನ್ನು ತಿದ್ದಿ.

ಲಾಂಗ್ ಲೆನ್ಸ್: ತಿದ್ದುದಿಲ್ಲ. ರಿವ್ಯೂ ಮಾಡುವವರು ಕೇಳಿದ್ರೆ ಉತ್ತರ ಕೊಡ್ತೇನೆ, ನಿಮಗೆ ಕೊಡ್ಬೇಕಾಗಿಲ್ಲ.

ಬೋಳೂರಿನವ: ಆ ಒಬ್ಬನನ್ನು ಪ್ಲೋವರ್ ಮೇಲೆ ಓಡಿಸಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಡ್ಲಿಲ್ಲ.

ಉರ್ವ ಶಟರ್: ಅವ ನಡ್ಕೊಂಡು ಹೋದದ್ದು, ಓಡಿದ್ದಲ್ಲ.

ಕೆಮ್ಮಣ್ಣಿನವಳು: ಅದೇ ಹಕ್ಕಿಯ ರೆಕ್ಕೆ ಪೂರ್ತಿ ಬಿಚ್ಚಿದ ಫ್ರೇಮ್ ಇದ್ರೆ ಹಾಕಿ, ಕ್ರಾಪ್ ಮಾಡದೆ.