ಸೇಶೆಲ್ಸ್‌ನಲ್ಲಿ ಎಂಟು ಮಂದಿಗೆ ಕಟಮರಾನ್ ಬಾಡಿಗೆ: ಸಲಹೆ ಬೇಕು

ಪ್ರಶ್ನೆ (ಕುಂಬಳೆ):
ಇಬ್ಬರು ಹಿರಿಯರೂ ಸೇರಿ ನಾವು ಎಂಟು ಮಂದಿ ಮಾಹೆ, ಪ್ರಾಲಿನ್, ಲಾ ದೀಗ್ ದ್ವೀಪಗಳ ನಡುವೆ ಒಂದು ವಾರ ಹಾಯಿದೋಣಿಯಲ್ಲಿ ಸುತ್ತಬೇಕೆಂದಿದ್ದೇವೆ. ನಮ್ಮಲ್ಲಿ ಯಾರಿಗೂ ಹಾಯಿ ನಡೆಸಲು ಬಾರದು. ಕಟಮರಾನ್ ಒಳ್ಳೆಯದೇ, ಯಾವ ತಿಂಗಳು ಹೋಗಬೇಕು, ಬಾಡಿಗೆಯ ಹೊರತು ಏನೇನು ಖರ್ಚು ಬರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನೀಲೇಶ್ವರ):
ಕಟಮರಾನನ್ನೇ ಗೊತ್ತುಮಾಡಿ. ಎರಡು ಒಡಲುಗಳ ಮೇಲೆ ನಿಂತಿರುವುದರಿಂದ ಅದು ಒಂಟಿ ಒಡಲಿನ ಹಾಯಿದೋಣಿಯಂತೆ ಬದಿಗೆ ವಾಲುವುದಿಲ್ಲ. ಹಿರಿಯರಿಗೆ ಇದು ದೊಡ್ಡ ಅನುಕೂಲ. ಆದರೆ ಎದುರಿನಿಂದ ತೆರೆ ಬಂದಾಗ ಒಡಲುಗಳ ನಡುವಿನ ತಳಕ್ಕೆ ನೀರು ಧಪ್ಪೆಂದು ಬಡಿಯುತ್ತದೆ, ಮಲಗಿದವರು ಬೆಚ್ಚಿ ಏಳುತ್ತಾರೆ, ಇದನ್ನು ಅವರಿಗೆ ಮೊದಲೇ ಹೇಳಿಡಿ. ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದೆಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಉತ್ತರ (ಮಂಜೇಶ್ವರ):
ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಆಗ್ನೇಯ ಮಾರುತ ಬಲವಾಗಿರುತ್ತದೆ. ಹೊಸಬರಿಗೆ ಮಾರುತ ಬದಲಾಗುವ ಏಪ್ರಿಲ್ ಅಥವಾ ನವೆಂಬರ್ ಹಿತ. ನಾಲ್ಕು ಕೋಣೆಗಳ ದೋಣಿಯಲ್ಲಿ ನೀವು ಎಂಟು ಮಂದಿಯೇ ತುಂಬಿಕೊಳ್ಳುವುದರಿಂದ, ನಾವಿಕನಿಗೆ ಮಲಗಲು ಬೇರೆ ಜಾಗವಿದೆಯೇ ಎಂದು ಮೊದಲು ಕೇಳಿ. ಅವನ ಸಂಬಳ, ಊಟ, ಡೀಸೆಲ್, ಸಾಗರ ಉದ್ಯಾನಗಳ ಶುಲ್ಕ ಸಾಮಾನ್ಯವಾಗಿ ಬಾಡಿಗೆಗೆ ಸೇರಿರುವುದಿಲ್ಲ. ಹಿಂದೊಮ್ಮೆ ಬೇರೆ ಕಡೆ, ಮೊದಲೇ ಇದ್ದ ಒಂದು ಗೀರಿಗಾಗಿ ನಮ್ಮ ಠೇವಣಿಯಲ್ಲಿ ಹಣ ಕಡಿದರು. ದೋಣಿ ಕೈಗೆ ಬಂದ ಕೂಡಲೇ ಎಲ್ಲ ಬದಿಗಳ ಫೋಟೋ ತೆಗೆದಿಡಿ.