ಸಹಾಯ ಬೇಕು: ಸೇವ್ ಮಾಡಿಟ್ಟದ್ದನ್ನು ಮತ್ತೆ ಹುಡುಕಿಕೊಡುವ ಎಐ ಸಹಾಯಕ

ಎಲ್ಲರಿಗೂ ನಮಸ್ಕಾರ. ಉಳಿಸಿಟ್ಟ ಲಿಂಕ್, ಪಿಡಿಎಫ್, ಸ್ಕ್ರೀನ್‌ಶಾಟ್‌ಗಳನ್ನು ವಿಂಗಡಿಸಿ ಬೇಕಾದಾಗ ತೆಗೆದುಕೊಡುವ ಸಹಾಯಕವೊಂದನ್ನು ಕಟ್ಟುತ್ತಿದ್ದೇವೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಮೊದಲನೆಯದು ಕನ್ನಡದ ಹುಡುಕಾಟ. ‘ಗೊಬ್ಬರ’ ಎಂದು ಹುಡುಕಿದರೆ ‘ಗೊಬ್ಬರಕ್ಕೆ’, ‘ಗೊಬ್ಬರದಲ್ಲಿ’ ಇರುವ ಬರಹಗಳು ಸಿಗುವುದಿಲ್ಲ. ವಿಭಕ್ತಿ ಸೇರಿದ ಕೂಡಲೇ ಅದು ಬೇರೆಯೇ ಪದವಾಗುತ್ತದೆ. ಇನ್ನು ಕಣ್ಣಿಗೆ ಕಾಣದ ತೊಂದರೆ: ‘ಗೊ’ದಲ್ಲಿರುವ ಒತ್ವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇರಬಹುದು. ಇದನ್ನು ಎನ್‌ಎಫ್‌ಸಿ ಮಾಡಿ, ಅಂದರೆ ಎರಡನ್ನೂ ಒಂದೇ ಸಂಕೇತ ರೂಪಕ್ಕೆ ತಂದು, ಸರಿಪಡಿಸಿದ್ದೇವೆ. ವಿಭಕ್ತಿಗೆ ಮೂರಕ್ಷರದ ತುಣುಕುಗಳ ಸೂಚಿ ಸಾಕೇ, ಅಥವಾ ಪ್ರತ್ಯಯ ಕಳಚುವ ಸ್ಟೆಮ್ಮರ್ ಬೇಕೇ? ಅರ್ಥ ಹಿಡಿಯಲು ಬಳಸುತ್ತಿರುವ ಎಂಬೆಡಿಂಗ್ ಮಾದರಿಯ (ಬರಹದ ಅರ್ಥವನ್ನು ಸಂಖ್ಯೆಗಳಾಗಿಸುವ ಮಾದರಿ) ಮಿತಿ 512 ಟೋಕನ್, ಅಂದರೆ ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಪದ ಅಥವಾ ಪದದ ಚೂರುಗಳು. ಕನ್ನಡ ಪದಗಳು ಹೆಚ್ಚು ಟೋಕನ್ ತಿನ್ನುವುದರಿಂದ ಉದ್ದ ಲೇಖನದ ಬಾಲ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಹಾಗಾಗಿ ಪ್ಯಾರಾಗಳಾಗಿ ಒಡೆದು, ಪ್ರತಿ ತುಣುಕಿಗೂ ಶೀರ್ಷಿಕೆ ಅಂಟಿಸುತ್ತಿದ್ದೇವೆ. ಪದ-ಹುಡುಕಾಟ, ಅರ್ಥ-ಹುಡುಕಾಟ ಎರಡರ ಫಲಿತಾಂಶವನ್ನೂ ಆರ್‌ಆರ್‌ಎಫ್‌ನಿಂದ (ಪ್ರತಿ ಪಟ್ಟಿಯಲ್ಲಿನ ಸ್ಥಾನ ನೋಡಿ ಅಂಕ ಕೂಡಿಸುವ ವಿಧಾನ) ಬೆರೆಸುತ್ತೇವೆ; ಅದರ ಸೂತ್ರದ ಸ್ಥಿರಾಂಕ ಕೆ = 60.

ಎರಡನೆಯದು ಟ್ಯಾಗ್. ಭಾಷಾ ಮಾದರಿಗೆ ಸ್ವಾತಂತ್ರ್ಯ ಕೊಟ್ಟರೆ ‘ಕೃಷಿ’, ‘ಬೇಸಾಯ’, ‘ವ್ಯವಸಾಯ’ ಮೂರನ್ನೂ ಸೃಷ್ಟಿಸುತ್ತದೆ. ಇರುವ ಟ್ಯಾಗ್‌ಗಳಲ್ಲೇ ಆರಿಸು ಎಂದರೆ ಹೊಸ ವಿಷಯವನ್ನೂ ಹಳೆಯದಕ್ಕೇ ತುರುಕುತ್ತದೆ. ನಡುವಿನ ದಾರಿ ಕಂಡುಕೊಂಡವರು ಯಾರಾದರೂ ಇದ್ದೀರಾ?

ಮೂರನೆಯದು ಸ್ಕ್ರೀನ್‌ಶಾಟ್. ಅವುಗಳಿಗೆ ಟೆಸರಾಕ್ಟ್ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಬಳಸುತ್ತಿದ್ದೇವೆ. ಚಿಕ್ಕ ಅಕ್ಷರಗಳಲ್ಲಿ ಒತ್ತಕ್ಷರಗಳೇ ತಪ್ಪುತ್ತಿವೆ. ಇದಕ್ಕಿಂತ ಒಳ್ಳೆಯದು, ಅದರಲ್ಲೂ ಫೋನಿನಲ್ಲೇ ಓಡುವಂಥದ್ದು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಜನರ ಖಾಸಗಿ ಚಿತ್ರಗಳನ್ನು ಸರ್ವರ್‌ಗೆ ಕಳಿಸಲು ನಮಗೆ ಮನಸ್ಸಿಲ್ಲ.