ಸಹಾಯ ಬೇಕು: ಹಳೆ ಆಟೋಮ್ಯಾಟಿಕ್ ಕಾರು, ಬಿಸಿಯಾದರೆ ಗೇರ್ ಸ್ಲಿಪ್

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಸೆಕೆಂಡ್ ಹ್ಯಾಂಡ್ ಸೆಡಾನ್, ಪೆಟ್ರೋಲ್, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ) ಗೇರ್‌ಬಾಕ್ಸ್. ಲಕ್ಷ ಕಿಲೋಮೀಟರ್ ದಾಟಿದೆ. ಬೆಳಿಗ್ಗೆ ತಣ್ಣಗಿರುವಾಗ ಏನೂ ತೊಂದರೆ ಇಲ್ಲ. ಬಿಸಿಯಾದ ಮೇಲೆ ಶುರು. 2ರಿಂದ 3ಕ್ಕೆ ಬೀಳುವಾಗ ಆರ್‌ಪಿಎಂ ಸುಮ್ನೆ ಮೇಲೆ ಹಾರುತ್ತದೆ, ಗಾಡಿ ಎಳೆಯುವುದಿಲ್ಲ. ಆಮೇಲೆ ದಡ್ ಅಂತ ಗೇರ್ ಕೂರುತ್ತದೆ. ಶಿರಾಡಿ ಘಾಟಿ ಹತ್ತುವಾಗ ಹಿಂದೆ ಲಾರಿ ಇದ್ದರಂತೂ ಜೀವ ಬಾಯಿಗೆ ಬರುತ್ತದೆ.

ಎಂಜಿನ್ ಬಿಸಿ ಇದ್ದಾಗ, ಆನ್ ಇಟ್ಟೇ ಗೇರ್‌ಬಾಕ್ಸ್ ಆಯಿಲಿನ ಡಿಪ್‌ಸ್ಟಿಕ್ (ಅಳತೆ ಕಡ್ಡಿ) ನೋಡಿದೆ. ಆಯಿಲ್ ಮಟ್ಟ ಸರಿ ಇದೆ. ಆದರೆ ಕೆಂಪು ಹೋಗಿ ಕಾಫಿ ಡಿಕಾಕ್ಷನ್ ಬಣ್ಣ, ಸುಟ್ಟ ವಾಸನೆ. ಬಿಳಿ ಬಟ್ಟೆಗೆ ಒರೆಸಿದರೆ ಸಣ್ಣ ಕಪ್ಪು ಪುಡಿ. ಸ್ಕ್ಯಾನರ್‌ನಲ್ಲಿ ಪಿ0733 ಎರರ್ ಕೋಡ್ ಬಂತು, ಅಂದರೆ 3ನೇ ಗೇರಿನ ರೇಶಿಯೋ ತಪ್ಪು.

ಒಬ್ಬ ಮೆಕ್ಯಾನಿಕ್ ಮಷಿನ್ ಹಾಕಿ ಫ್ಲಶ್ ಮಾಡೋಣ (ಹಳೆ ಆಯಿಲನ್ನೆಲ್ಲ ತಳ್ಳಿ ಹೊರಹಾಕೋಣ) ಅಂತಾರೆ. ಇನ್ನೊಬ್ಬರು ಬಾನೆಟ್ ಕೂಡ ತೆಗೆಯದೆ ಗೇರ್‌ಬಾಕ್ಸ್ ಇಳಿಸಬೇಕು ಅಂದರು! ಫ್ಲಶ್‌ಗೆ ನನಗೆ ಮನಸ್ಸಿಲ್ಲ. ಕಸವೆಲ್ಲ ಎದ್ದು ವಾಲ್ವ್ ಬಾಡಿಯಲ್ಲಿ (ಗೇರ್ ಬದಲಿಸಲು ಆಯಿಲನ್ನು ಬೇಕಾದ ಕಡೆ ಹರಿಸುವ ಭಾಗ) ಸಿಕ್ಕಿಕೊಂಡರೆ? ಮೊದಲು ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಬಿಚ್ಚಿ ಫಿಲ್ಟರ್ ನೋಡಿ, ಲೈನ್ ಪ್ರೆಶರ್ (ಗೇರ್‌ಬಾಕ್ಸ್ ಒಳಗಿನ ಆಯಿಲ್ ಒತ್ತಡ) ಅಳೆಸೋಣ ಅಂದುಕೊಂಡಿದ್ದೇನೆ. ಪ್ರೆಶರ್ ಸರಿ ಇದ್ದರೆ ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಜಾಸ್ತಿ, ಕಡಿಮೆ ಇದ್ದರೆ ಆಯಿಲ್ ಪಂಪ್ ಅಥವಾ ಸೊಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕಡೆ ನೋಡಬೇಕು, ಅಲ್ವಾ?

ಗೇಜ್ ಹಾಕಿ ನೋಡುವವರು ಹಾಸನ, ಮಂಗಳೂರು ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.